ಕ್ರಿಯಾಪದದ ಬಾಲ, ಪ್ರಮೀಳೆಯ ರಾಜ್ಯ, ಆರು ಜನರ ಕೂಟ

ಪ್ರಶ್ನೆ: ನನ್ನ ಊರು ಉಡುಪಿ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಇಂಗ್ಲಿಷಿನ ಕ್ವಿಯರ್ (ಗಂಡು-ಹೆಣ್ಣಿನ ರೂಢಿಯ ಚೌಕಟ್ಟಿಗೆ ಹೊರತಾದವರ) ಸೈನ್ಸ್ ಫಿಕ್ಷನ್, ಫ್ಯಾಂಟಸಿ ಓದುತ್ತೇನೆ. ಈಗ ಕನ್ನಡದಲ್ಲೇ ಒಂದು ಕಥೆ ಬರೆಯಲು ಕೂತಿದ್ದೇನೆ. ಮುಖ್ಯ ಪಾತ್ರ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಎರಡನೇ ವಾಕ್ಯದಲ್ಲೇ 'ಇಳಿದನು' ಬರೆಯಲೋ 'ಇಳಿದಳು' ಬರೆಯಲೋ ಎಂದು ಸಿಕ್ಕಿಬಿದ್ದೆ. ಕಥೆಯಲ್ಲಿ ನಮ್ಮ ದೈವಗಳನ್ನು ತರಬಹುದೇ? ಇಂಥದ್ದನ್ನು ಓದುವ, ಬರೆಯುವ ನಾಲ್ಕು ಜನ ಮಂಗಳೂರಿನಲ್ಲಿ ಸೇರುವುದಾದರೆ ಯಾರ ಗುಟ್ಟೂ ರಟ್ಟಾಗದ ಹಾಗೆ ಹೇಗೆ ನಡೆಸುವುದು?

ಉತ್ತರ: ನೀವು ಸಿಕ್ಕಿಬಿದ್ದಿರುವುದು ಸರ್ವನಾಮದಲ್ಲಿ ಅಲ್ಲ, ಕ್ರಿಯಾಪದದ ಬಾಲದಲ್ಲಿ. ಇದು ಮೊದಲು ಸ್ಪಷ್ಟವಾದರೆ ಉಳಿದದ್ದು ಸುಲಭ.

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಲಿಂಗ ಇಲ್ಲ. ಸರ್ವನಾಮ ಒಂದನ್ನು ಬದಲಿಸಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಉಲ್ಟಾ. ಇಲ್ಲಿ ಸರ್ವನಾಮವನ್ನು ಕೈಬಿಟ್ಟರೂ ನಡೆಯುತ್ತದೆ, ಆದರೆ ವಾಕ್ಯದ ಕೊನೆಗೆ ನು, ಳು, ತು, ರು ಎಂಬ ನಾಲ್ಕರಲ್ಲಿ ಒಂದು ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಹೊಸ ಸರ್ವನಾಮ ಟಂಕಿಸುವ ಇಂಗ್ಲಿಷ್ ಉಪಾಯ ನಮ್ಮಲ್ಲಿ ಅರ್ಧ ಕೆಲಸ ಮಾತ್ರ. ಹೊಸ ಸರ್ವನಾಮಕ್ಕೆ ಹೊಸ ಬಾಲ ಬೇಕು: 'ಬಂದನು' ಎಂಬಲ್ಲಿಗೊಂದು, 'ಬರುತ್ತಾನೆ' ಎಂಬಲ್ಲಿಗೊಂದು, 'ಬಂದವನು' ಎಂಬಲ್ಲಿಗೆ ಇನ್ನೊಂದು. ಅಷ್ಟನ್ನೂ ಓದುಗರಿಗೆ ಕಲಿಸುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ದೇವರ ದಾಸಿಮಯ್ಯನ ವಚನವನ್ನು ಈ ವಿಷಯದ ಪ್ರತಿ ಭಾಷಣದಲ್ಲೂ ಉದ್ಧರಿಸುತ್ತಾರಲ್ಲ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು? ಪಾಠ ತೆರೆದು ನೋಡಿ. ಅಲ್ಲಿರುವುದು 'ಆತ್ಮನು'. ಎರಡೂ ಅಲ್ಲದ ಆತ್ಮಕ್ಕೂ ವ್ಯಾಕರಣ ಪುಲ್ಲಿಂಗದ ಬಾಲ ಕಟ್ಟಿಯೇ ಕಳುಹಿಸಿದೆ.

ಇದರಲ್ಲಿ ಎಡವಿದವರಲ್ಲಿ ನೀವು ಮೊದಲಿಗರಲ್ಲ. ಅರ್ಸುಲಾ ಲೆ ಗ್ವಿನ್ 1969ರಲ್ಲಿ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಕಾದಂಬರಿ ಬರೆದಾಗ ಅದರೊಳಗಿನ ಗ್ರಹದ ಜನರಿಗೆ ತಿಂಗಳ ಬಹುಪಾಲು ಲಿಂಗವೇ ಇರಲಿಲ್ಲ. 26 ದಿನದ ಚಕ್ರದಲ್ಲಿ ಕೆಲವೇ ದಿನ ಗಂಡೋ ಹೆಣ್ಣೋ ಆಗುತ್ತಾರೆ. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ. ಆದರೂ ಅವರೆಲ್ಲರಿಗೆ ಲೇಖಕಿ ಬಳಸಿದ್ದು 'ಅವನು' ಎಂಬುದನ್ನೇ. 1976ರ ಪ್ರಬಂಧವೊಂದರಲ್ಲಿ ಅದನ್ನು ಸಮರ್ಥಿಸಿಕೊಂಡು, ಹತ್ತು ವರ್ಷ ಕಳೆದ ಮೇಲೆ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ ಆ ಸಮರ್ಥನೆಯನ್ನು ಹಿಂತೆಗೆದುಕೊಂಡರು. ಆನ್ ಲೆಕಿ 2013ರ 'ಆನ್ಸಿಲರಿ ಜಸ್ಟಿಸ್'ನಲ್ಲಿ ಎಲ್ಲರಿಗೂ 'ಅವಳು' ಎಂದೇ ಬರೆದರು. ಅದಕ್ಕೆ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾ ಎರಡೂ ಬಂದವು. ಕನ್ನಡದಲ್ಲಿ ಲೆಕಿಯ ದಾರಿ ಹಿಡಿದರೆ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ. ಪ್ರತಿ ಕ್ರಿಯಾಪದವೂ 'ಳು' ಎಂದು ಕೂಗುವುದರಿಂದ ಇಂಗ್ಲಿಷಿನಲ್ಲಿ ಹತ್ತು ಪುಟಕ್ಕೆ ಮರೆತುಹೋಗುವ ವಿಚಿತ್ರ ಇಲ್ಲಿ ಕೊನೆಯ ಪುಟದವರೆಗೂ ಮರೆಯುವುದಿಲ್ಲ. ಎಲ್ಲರೂ ಹೆಂಗಸರೇ ಎಂದು ಓದುಗರು ತೀರ್ಮಾನಿಸಿಬಿಡುವ ಅಪಾಯವೂ ಉಂಟು.

ಈಗ ಕನ್ನಡ ಕೊಟ್ಟಿರುವ ಸಲಕರಣೆಗಳನ್ನು ನೋಡಿ. ಬಾಲವಿರುವುದು ಅನ್ಯಪುರುಷದ ನಿಶ್ಚಯಾರ್ಥಕ ರೂಪದಲ್ಲಿ. ಉಳಿದ ಕಡೆ ಇಲ್ಲ. ನಾನು ಬಂದೆ, ನೀನು ಬಂದೆ: ಲಿಂಗ ಇಲ್ಲ. (ಹಿಂದಿಯಲ್ಲಿ, ನಮ್ಮ ಕೊಂಕಣಿಯಲ್ಲಿ 'ನಾನು ಬಂದೆ' ಎನ್ನುವಾಗಲೇ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಕನ್ನಡದ ಉತ್ತಮಪುರುಷ ಕಥನ ಆ ಮಟ್ಟಿಗೆ ದೊಡ್ಡ ವರ.) ನಿಷೇಧ: ಬರಲಿಲ್ಲ, ಬಂದಿಲ್ಲ, ಬರುವುದಿಲ್ಲ. ಬೇಕು-ಬಹುದುಗಳು: ಬರಬೇಕು, ಬರಬಹುದು, ಬರಬಾರದು, ಬರಲಿ. ಕೃದಂತಗಳು: ಬಂದು, ಬರುತ್ತ, ಬಂದ, ಬರುವ, ಬಂದಾಗ, ಬಂದರೆ. ಅನುಭವದ ಕ್ರಿಯೆಗಳು: ನೆನಪಾಯಿತು, ಹಸಿವಾಯಿತು, ಕೇಳಿಸಿತು. ಇವುಗಳ ಕರ್ತೃ ಮನುಷ್ಯರೇ ಅಲ್ಲ. ಜೊತೆಗೆ 'ತಾನು, ತನ್ನ, ತನಗೆ' ಎಂಬ ಆತ್ಮಾರ್ಥಕ ಸರ್ವನಾಮ. ಇದನ್ನು ಯಾರೂ ಸಾಕಷ್ಟು ದುಡಿಸಿಕೊಳ್ಳುವುದಿಲ್ಲ, ಆಶ್ಚರ್ಯ.

ಮಾತಿನಲ್ಲಿ ಹೇಳಿದರೆ ಸಾಲದು, ಒಂದು ತುಣುಕನ್ನೇ ಬಿಚ್ಚಿ ನೋಡೋಣ. ನಿಮ್ಮ ಕಥೆ ಮುಂದಿನ ಶತಮಾನದ ಮಲ್ಪೆ ಬಂದರಿನಲ್ಲಿ ನಡೆಯುತ್ತದೆ ಎಂದಿಟ್ಟುಕೊಳ್ಳಿ, ಪಾತ್ರದ ಹೆಸರು ಶಶಿ.

'ಶಶಿ ಬೋಟಿನಿಂದ ಇಳಿದನು. ಬಲೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟನು. ದೀಪ ಕಂಡು ನಿಂತನು. ಅವನಿಗೆ ಹೆದರಿಕೆಯಾಯಿತು. ಆದರೂ ಹಿಂದೆ ತಿರುಗದೆ ಮುಂದೆ ನಡೆದನು.'

ಐದು ವಾಕ್ಯ, ಐದು ಕಡೆ ಗಂಡು ಗುರುತು. ಈಗ ಹೀಗೆ:

'ಬೋಟಿನಿಂದ ಇಳಿದು, ಬಲೆ ಹೆಗಲಿಗೇರಿಸಿ ಹೊರಟ ಶಶಿಯ ಹೆಜ್ಜೆ ದೀಪ ಕಂಡಲ್ಲೇ ನಿಂತಿತು. ಎದೆ ಡವಗುಟ್ಟಿತು. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ.'

ಒಂದೂ ಇಲ್ಲ. ವಾಕ್ಯ ಬಿಗಿಯಾಯಿತು, ಹೆದರಿಕೆ ಹೆಸರು ಹೇಳದೆ ಬಂತು. ಇದನ್ನು ಕಂಡು ಖುಷಿಯಾಗಿ ಇಡೀ ಕಥೆಯನ್ನು ಹೀಗೇ ಬರೆಯಲು ಹೊರಡಬೇಡಿ. ಸುಮಾರು 400 ಪದ ದಾಟಿದ ಮೇಲೆ ಇದೇ ಉಪಾಯ ಉಸಿರು ಕಟ್ಟಿಸುತ್ತದೆ: ಹೆಜ್ಜೆ ನಿಲ್ಲುತ್ತದೆ, ಕೈ ಚಾಚುತ್ತದೆ, ಕಣ್ಣು ಹುಡುಕುತ್ತದೆ, ಮನುಷ್ಯರು ಮಾತ್ರ ಎಲ್ಲೂ ಏನೂ ಮಾಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಲೇಖಕರು ಏನನ್ನೋ ಬಚ್ಚಿಡುತ್ತಿದ್ದಾರೆ ಎಂದು ಓದುಗರಿಗೆ ವಾಸನೆ ಹತ್ತಿ, ಶಶಿ 'ನಿಜಕ್ಕೂ' ಯಾರು ಎಂಬ ಪತ್ತೇದಾರಿ ಶುರುವಾಗುತ್ತದೆ. ಲಿಂಗವನ್ನು ಬಚ್ಚಿಡುವ ಕಥೆ ಬೇರೆ, ಲಿಂಗ ಮುಖ್ಯವಲ್ಲದ ಮನುಷ್ಯರ ಕಥೆ ಬೇರೆ. ನಿಮ್ಮದು ಎರಡನೆಯದು.

ಹಾಗಾಗಿ ಉದ್ದದ ದಾರಿಗೆ 'ಅವರು' ಒಳ್ಳೆಯದು. ಅದಕ್ಕೂ ಎರಡು ಕಾಯಿಲೆ ಇವೆ. ಒಂದು, ಬಹುವಚನವೆಂಬ ಗೊಂದಲ. ಇದಕ್ಕೆ ಮದ್ದು ಸರಳ: ಮೊದಲ ಸಲ 'ಶಶಿ ಒಬ್ಬರೇ ಬಂದರು' ಎಂದು ಎಣಿಕೆ ಕೊಡಿ, ಗುಂಪು ಬಂದಾಗ 'ಎಲ್ಲರೂ', 'ಇಬ್ಬರೂ' ಎಂದು ಬರೆಯಿರಿ, ಗುಂಪಿಗೆ ಬರಿಯ 'ಅವರು' ಬಳಸಬೇಡಿ. ಎರಡನೆಯದು ಗಂಭೀರ. ಉಳಿದ ಪಾತ್ರಗಳಿಗೆ ಅವನು-ಅವಳು ಇದ್ದು ಶಶಿಗೆ ಮಾತ್ರ 'ಅವರು' ಆದರೆ, ಶಶಿ ಹೆಡ್‌ಮಾಸ್ಟರ್ ಥರ ಕಾಣುತ್ತಾರೆ. ಇದನ್ನು ಮುರಿಯುವುದು ಸಂಭಾಷಣೆಯಿಂದ. ಜೊತೆಯವರು ಶಶಿಯನ್ನು 'ನೀನು' ಎಂದೇ ಬೈಯಲಿ, ಕಿಚಾಯಿಸಲಿ. ನಿರೂಪಣೆ 'ಅವರು' ಎನ್ನಲಿ. 'ನೀನೆಂತ ಹೀಗೆ ಶಶಿ, ಐಸ್ ಹಾಕದೆ ಬಂಗುಡೆ ಇಟ್ಟಿದ್ದೀಯಲ್ಲ!' ಶಶಿ ತಲೆ ಕೆರೆದುಕೊಂಡರು. ಈ ಎರಡು ಒಂದೇ ಪುಟದಲ್ಲಿ ಮೂರು ಸಲ ಎದುರಾದರೆ 'ಅವರು' ಎಂಬುದರ ಗೌರವದ ಅರ್ಥ ಸವೆದು, ಬರಿಯ ಸರ್ವನಾಮ ಉಳಿಯುತ್ತದೆ.

'ಅದು' ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಮೈಸೂರು-ಬೆಂಗಳೂರಿನ ಓದುಗರಿಗೆ ದೊಡ್ಡವರನ್ನು 'ಅದು' ಎನ್ನುವುದು ಉಗಿದಂತೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಹೀನಾಯ ಮಾಡಲು ಬೀದಿಯಲ್ಲಿ ಬಳಸುವುದೂ ಅದನ್ನೇ. ಆದರೆ ನಮ್ಮ ಜಿಲ್ಲೆಗಳ ಕಿವಿ ಬೇರೆ. ಹವ್ಯಕ ಕನ್ನಡದಲ್ಲಿ ಮನೆಯ ಹೆಣ್ಣುಮಕ್ಕಳಿಗೆ ನಪುಂಸಕಲಿಂಗವೇ, 'ಅಕ್ಕ ಬಂತು'. ಅದರಲ್ಲಿ ಅವಮಾನ ಇಲ್ಲ. ಮಂಗಳೂರಿನ ಕೊಂಕಣಿಯಲ್ಲೂ ಎಳೆಯ ಹೆಣ್ಣಿಗೆ 'ತೆಂ', ಹಿರಿಯಳಿಗೆ 'ತಿ'. ತುಳುವಿನಲ್ಲಿ ಆಯೆ, ಆಳ್, ಅವು, ಆರ್ ಎಂಬ ನಾಲ್ಕು, ಕನ್ನಡದ ಹಾಗೆಯೇ ಬಾಲವೂ ಉಂಟು: ಬತ್ತೆ, ಬತ್ತಳ್, ಬತ್ತ್ಂಡ್, ಬತ್ತೆರ್. ಹೀಗೆ ಒಂದೇ ಬಸ್ಸಿನಲ್ಲಿ ಮೂರು ಥರದ ಲಿಂಗವ್ಯವಸ್ಥೆ ಕೇಳಿಸುವ ಊರು ನಿಮ್ಮದು. ಬೇರೆ ಗ್ರಹದ ವ್ಯಾಕರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. 'ಅದು' ಎಂಬುದನ್ನು ನಿರೂಪಕರ ಬಾಯಿಗೆ ಕೊಡದೆ ಒಂದು ಪಾತ್ರದ ಬಾಯಿಗೆ ಕೊಡಿ. ಅಜ್ಜಿ ಅಕ್ಕರೆಯಿಂದ 'ಅದಕ್ಕೆಂತ ಗೊತ್ತುಂಟು ಪಾಪ' ಎಂದದ್ದನ್ನು ಊರಿನ ಹೊರಗಿನವರು ಅವಮಾನವೆಂದು ತಿಳಿದರೆ, ಅಲ್ಲಿಂದಲೇ ಕಥೆ ಶುರುವಾಗಬಹುದು.

ಸಣ್ಣ ಎಡವುಗಲ್ಲುಗಳೂ ಇವೆ. 'ಮಾರಾಯ', 'ಮಾರಾಯ್ತಿ' ಎರಡೂ ಲಿಂಗ ಹೇಳುತ್ತವೆ, 'ಮಾರಾಯ್ರೆ' ಹೇಳುವುದಿಲ್ಲ. ಕುಂದಾಪುರದ 'ಹ್ವಾಯ್' ಕೂಡ ಹಾಗೆಯೇ. ವೃತ್ತಿಯ ಹೆಸರಿನಲ್ಲಿ ತಾಂಡೇಲ, ಬೆಸ್ತ, ವೈದ್ಯ ಎಂಬ ಅಕಾರಾಂತಗಳು ಗಂಡಾಗಿ ಕೇಳುತ್ತವೆ. ವಿಜ್ಞಾನಿ, ಮಂತ್ರಿ, ಡ್ರೈವರ್, ನರ್ಸ್ ಎಂಬಲ್ಲಿ ಲಿಂಗ ಕಿವಿಗೆ ಬೀಳುವುದಿಲ್ಲ. ಹೆಸರಿಗೂ ಇದೇ ಮಾತು: ಶಶಿ, ಕಿರಣ್, ಮಣಿ ನಡೆಯುತ್ತವೆ. 'ಅರಸು' ಎಂಬ ಪದದ ಚಂದ ನೋಡಿ. ಲೆ ಗ್ವಿನ್ ಕಾದಂಬರಿಯಲ್ಲಿ ದೊರೆ ಗರ್ಭ ಧರಿಸುವ ಸಂಗತಿ ಬರುತ್ತದೆ. ಅದನ್ನು 'ರಾಜ ಗರ್ಭಿಣಿ' ಎಂದು ಅನುವಾದಿಸಿದರೆ ನಗೆಪಾಟಲು, 'ಗರ್ಭಿಣಿ' ಸ್ತ್ರೀಲಿಂಗದ ಪದ. 'ಅರಸು ಬಸಿರಾಗಿದ್ದರು' ಎನ್ನಿ, ಯಾವ ಪದವೂ ಎಡವುವುದಿಲ್ಲ.

ವ್ಯಾಕರಣ ಸಾಕು, ಲೋಕಕಟ್ಟುವಿಕೆಗೆ ಬರೋಣ. ಕನ್ನಡದ ಕ್ವಿಯರ್ ಬರವಣಿಗೆ ಹೆಚ್ಚಾಗಿ ವಾಸ್ತವದ ದಾರಿ ಹಿಡಿದಿದೆ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂದದ್ದು, ಅದು ಇವತ್ತಿನ ಊರು-ನಗರಗಳ ಕಥೆ. ಅದ್ಭುತ ಕಥೆಗೆ ನಿಮಗೆ ಬೇಕಾದ ಪೂರ್ವಜರು ಬೇರೆ ಕಪಾಟಿನಲ್ಲಿದ್ದಾರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ಒಂದು ಕೊಳಕ್ಕಿಳಿದು ಹೆಣ್ಣು ಕುದುರೆಯಾಗಿ ಮೇಲೆ ಬರುತ್ತದೆ. ಆಮೇಲೆ ಅದು ಹೊಕ್ಕುವುದು ಪ್ರಮೀಳೆಯ ಸ್ತ್ರೀರಾಜ್ಯವನ್ನು. ಪ್ರಮೀಳೆ ಕುದುರೆಯನ್ನು ಕಟ್ಟುತ್ತಾಳೆ, ಅರ್ಜುನನೊಡನೆ ಕಾಳಗವಾಗುತ್ತದೆ, ಕೊನೆಗೆ ಮದುವೆ. ನಮ್ಮ ಯಕ್ಷಗಾನದಲ್ಲಿ ಇದನ್ನು ಆಡದ ಮೇಳ ಕಡಿಮೆ. ಪ್ರಮೀಳೆಯದು ಕಸೆ ಸ್ತ್ರೀವೇಷ, ಅಂದರೆ ಹೆಣ್ಣು ಪಾತ್ರಕ್ಕೆ ವೀರವೇಷದ ಉಡುಗೆ, ವೀರವೇಷದ ಕುಣಿತ. ಈಗ ಇದರ ಪಕ್ಕದಲ್ಲಿ ಜೊವಾನಾ ರಸ್ 1972ರಲ್ಲಿ ಬರೆದು ನೆಬ್ಯುಲಾ ಪಡೆದ 'ವೆನ್ ಇಟ್ ಚೇಂಜ್ಡ್' ಇಟ್ಟು ಓದಿ. ಮೂವತ್ತು ತಲೆಮಾರಿನ ಹಿಂದೆ ಗಂಡಸರೆಲ್ಲ ರೋಗದಲ್ಲಿ ಅಳಿದ ಗ್ರಹ, ಹೆಂಗಸರೇ ಮದುವೆಯಾಗಿ ಮಕ್ಕಳನ್ನು ಸಾಕಿಕೊಂಡು ನೆಮ್ಮದಿಯಾಗಿದ್ದಾರೆ, ಭೂಮಿಯಿಂದ ನಾಲ್ಕು ಗಂಡಸರು ಬಂದಿಳಿಯುತ್ತಾರೆ. ಎರಡರಲ್ಲೂ ಘಟನೆ ಒಂದೇ: ಗಂಡು ಬಂದ. ಒಂದರಲ್ಲಿ ಅದು ಮಂಗಳ, ಇನ್ನೊಂದರಲ್ಲಿ ಸೂತಕ. ಇವುಗಳ ನಡುವೆ ರುಕಿಯಾ ಸಖಾವತ್ ಹುಸೇನ್ 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ 'ಸುಲ್ತಾನಾಸ್ ಡ್ರೀಮ್' ಇರಲಿ. ಅಲ್ಲಿ ಪರದೆಯ ಒಳಗಿರುವವರು ಗಂಡಸರು. ಮೂರೂ ಸೇರಿ ಕೂಟದ ಮೊದಲ ತಿಂಗಳ ಓದಿಗೆ ಸಾಕು, ಪುಟವೂ ಹೆಚ್ಚಿಲ್ಲ. ಭಾರತದ ಇತ್ತೀಚಿನದಕ್ಕೆ ಇಂದ್ರಪ್ರಮಿತ್ ದಾಸರ 'ದಿ ಡಿವೌರರ್ಸ್' ಹಿಡಿಯಿರಿ: 2015ರ ಕಾದಂಬರಿ, 2017ರಲ್ಲಿ ಕ್ವಿಯರ್ ಸಾಹಿತ್ಯಕ್ಕೆ ಕೊಡುವ ಲ್ಯಾಂಬ್ಡಾ ಪ್ರಶಸ್ತಿ. ಅದರಲ್ಲಿ ಹಿಂಸೆ, ಅತ್ಯಾಚಾರ ಇವೆ, ಮೊದಲೇ ಹೇಳಿ ಓದಿಸಿ.

ತುಳುನಾಡಿನ ಅಳಿಯಕಟ್ಟು ನಿಮಗೆ ಇನ್ನೊಂದು ಗಣಿ. ಬಳಿ, ಅಂದರೆ ಕುಲ, ತಾಯಿಯಿಂದ, ಆಸ್ತಿ ತಾಯಿಯ ಸಾಲಿನಲ್ಲಿ, ಗಂಡಸಿನ ಸ್ವಂತ ಮಕ್ಕಳು ಅವನ ಹೆಂಡತಿಯ ಮನೆಗೆ ಸೇರಿದವರು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಇದನ್ನು ಅಕ್ಷರಕ್ಕಿಳಿಸಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಡಿಪಾಯ ಸಡಿಲಿಸಿತು. ಇದನ್ನು 300 ವರ್ಷ ಮುಂದಕ್ಕೆ ಎಳೆಯಿರಿ. ಇಬ್ಬರು ಹೆಂಗಸರು ಸಾಕಿದ ಮಗು ಯಾರದು ಎಂಬ ಪ್ರಶ್ನೆಯೇ ಆ ಲೋಕದಲ್ಲಿ ಹುಟ್ಟುವುದಿಲ್ಲ, ಬಳಿಯೇ ಉತ್ತರ. ಹಾಗಾದರೆ ಜಗಳ ಎಲ್ಲಿ? ಸೋದರಮಾವನಲ್ಲಿ. ಈ ವ್ಯವಸ್ಥೆಯಲ್ಲಿ ಹಕ್ಕು ಹೆಣ್ಣಿನ ಸಾಲಿನದು, ಯಜಮಾನಿಕೆ ಮಾತ್ರ ಹೆಚ್ಚಾಗಿ ಮಾವನದು. ಇದನ್ನು ಮರೆತು 'ನಮ್ಮಲ್ಲಿ ಮೊದಲೇ ಹೆಣ್ಣಿನ ರಾಜ್ಯ ಇತ್ತು' ಎಂದು ಬರೆದವರ ಕಥೆ ಪ್ರವಾಸೋದ್ಯಮದ ಕರಪತ್ರವಾಗುತ್ತದೆ. ಅರಸಬೇಕಾದದ್ದು ಬಿರುಕನ್ನು. ಸಿರಿ ಪಾಡ್ದನ (ತುಳುವಿನ ಹಾಡುಗಥೆ) ಓದಿ: ಗೋಪಾಲ ನಾಯ್ಕರು ಹಾಡಿದ್ದನ್ನು ಫಿನ್ಲೆಂಡಿನ ಲೌರಿ ಹೊಂಕೊ ತಂಡ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿತು, 15,683 ಸಾಲು. ಅಲ್ಲಿ ಸಿರಿ ತಾನೇ ಗಂಡನನ್ನು ಬಿಟ್ಟು ಹೊರಡುತ್ತಾಳೆ, ಇನ್ನೊಂದು ಮದುವೆಯನ್ನೂ ಆಗುತ್ತಾಳೆ.

ಸ್ತ್ರೀವೇಷದ ಬಗ್ಗೆ ಒಂದು ಎಚ್ಚರಿಕೆ. ಚೌಕಿಯಲ್ಲಿ (ಯಕ್ಷಗಾನದ ಬಣ್ಣದ ಮನೆಯಲ್ಲಿ) ಕನ್ನಡಿ ಮುಂದೆ ಕೂತ ಸ್ತ್ರೀವೇಷಧಾರಿ, ಅವನ ಒಳಗೊಂದು ಗುಟ್ಟು: ಈ ಕಥೆ ಎಷ್ಟು ಸಲ ಬಂದಿದೆ ಎಂದರೆ ಸಂಪಾದಕರು ಮೊದಲ ಸಾಲಿಗೇ ಪಕ್ಕಕ್ಕಿಡುತ್ತಾರೆ. ಸ್ತ್ರೀವೇಷ ಕಸುಬು, ವರ್ಷಗಳ ಅಭ್ಯಾಸ. ಅದು ಯಾರ ಒಲವಿಗೂ ಸಾಕ್ಷಿಯಲ್ಲ.

ಇನ್ನು ದೈವಗಳ ಪ್ರಶ್ನೆ. ನೇರ ಉತ್ತರ: ಹೆಸರಿರುವ ದೈವವನ್ನು ಪಾತ್ರ ಮಾಡಬೇಡಿ. ಕಾನೂನಿನ ಹೆದರಿಕೆ ಒಂದು ಕಾರಣ. ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶದ ಬರಹಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಉಂಟು, ಮೂರು ವರ್ಷದವರೆಗೆ ಶಿಕ್ಷೆ. ನಿಮ್ಮ ಉದ್ದೇಶ ಅದಲ್ಲದಿದ್ದರೂ ದೂರು ಬಂದರೆ ಠಾಣೆಗೆ ಅಲೆಯುವುದು ನೀವೇ, ಮತ್ತು ಅಲ್ಲಿ ಬಯಲಾಗುವುದು ನಿಮ್ಮ ನಿಜ ಹೆಸರು. ಆದರೆ ನನ್ನ ಮುಖ್ಯ ಕಾರಣ ಕಥೆಯದೇ. ದೈವಕ್ಕೆ ಗುತ್ತು (ಊರಿನ ಹಿರಿಮನೆ), ಮನೆತನ, ವೇಷ ಕಟ್ಟುವವರು, ನೇಮದ (ದೈವದ ಉತ್ಸವದ) ಕಟ್ಟಳೆ ಎಲ್ಲ ಇವೆ. ಅದರಲ್ಲಿ ಒಂದನ್ನು ತಪ್ಪಿಸಿದರೂ ಇಲ್ಲಿನ ಓದುಗರು ಕಥೆ ಬಿಟ್ಟು ತಪ್ಪು ಎಣಿಸಲು ಕೂರುತ್ತಾರೆ. ಹೆಸರು, ಬಣ್ಣ, ಆಯುಧ ಬಿಟ್ಟು ರಚನೆಯನ್ನು ಎತ್ತಿಕೊಳ್ಳಿ. ಪಾಡ್ದನದಲ್ಲಿ ಕಥೆ 'ಅವಳು, ಅವನು' ಎಂದು ಸಾಗಿ, ಆವೇಶದ ಹೊತ್ತಿಗೆ 'ನಾನು' ಆಗುತ್ತದೆ. ಸಿರಿ ಜಾತ್ರೆಯಲ್ಲಿ ಒಂದೇ 'ನಾನು' ನೂರಾರು ಹೆಂಗಸರ ಬಾಯಲ್ಲಿ ಬರುತ್ತದೆ. ಅನ್ಯಪುರುಷದಿಂದ ಉತ್ತಮಪುರುಷಕ್ಕೆ ಹಾರುವ ಆ ಗಳಿಗೆಯಲ್ಲಿ ವ್ಯಾಕರಣದ ಬಾಲ ತಾನಾಗಿ ಕಳಚಿಬೀಳುತ್ತದೆ. ನಿಮ್ಮ ಶಶಿಯ ಕಥೆಯನ್ನು ಊರವರ 'ಅವನು', 'ಅವಳು'ಗಳಲ್ಲಿ ಶುರುಮಾಡಿ, ಮೂರನೇ ಭಾಗದಲ್ಲಿ ಶಶಿಯ ಬಾಯಿಗೇ 'ನಾನು' ಕೊಟ್ಟುಬಿಡಿ. ನಿಮ್ಮ ಎರಡು ಪ್ರಶ್ನೆಗೂ ಒಟ್ಟಿಗೆ ಉತ್ತರವಾಯಿತು.

ಪದಗಳ ಬಗ್ಗೆ ಚುಟುಕಾಗಿ: ನಿರೂಪಣೆಯಲ್ಲಿ 'ಸಲಿಂಗಕಾಮಿ'ಗಿಂತ 'ಸಲಿಂಗಿ' ಅಥವಾ 'ಸಲಿಂಗಪ್ರೇಮಿ' ಒಳ್ಳೆಯದು, ಮೊದಲನೆಯದು ಮನುಷ್ಯರನ್ನು ಕಾಮಕ್ಕೆ ಇಳಿಸುತ್ತದೆ. 'ಕ್ವಿಯರ್' ಹಾಗೇ ಇರಲಿ. ಮಂಗಳಮುಖಿ, ಹಿಜ್ರಾ, ಜೋಗಪ್ಪ ಒಂದಕ್ಕೊಂದು ಪರ್ಯಾಯಪದಗಳಲ್ಲ. ಜೋಗಪ್ಪ ಎಂದರೆ ಎಲ್ಲಮ್ಮನ ಪರಂಪರೆಯವರು, ಕರಾವಳಿಯ ಕಥೆಯಲ್ಲಿ ಕಾರಣವಿಲ್ಲದೆ ತಂದು ನಿಲ್ಲಿಸಬೇಡಿ.

ಈಗ ಕೂಟ. ಆರು ಜನ ಸಾಕು, ಎಂಟು ದಾಟಬಾರದು. ಎಲ್ಲರೂ 18 ತುಂಬಿದವರೇ ಆಗಿರಬೇಕು, ಇದರಲ್ಲಿ ದಾಕ್ಷಿಣ್ಯ ಬೇಡ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ, ಕಥೆ ಓದಲು ಸೇರುವುದಂತೂ ಎಂದೂ ಅಪರಾಧವಲ್ಲ. ಇರುವ ಅಪಾಯ ಮನೆಯವರದ್ದು, ಬಾಡಿಗೆ ಮನೆಯ ಮಾಲೀಕರದ್ದು, ಆಫೀಸಿನದ್ದು. ಲೈಂಗಿಕ ವಿವರ ಬಿಚ್ಚಿಟ್ಟ ಕಥೆಗಳನ್ನು ಮಾತ್ರ ಫೋನಿನಲ್ಲಿ ಹಂಚಬೇಡಿ. ಅಶ್ಲೀಲ ಎಂದು ಯಾರಾದರೂ ದೂರಿತ್ತರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಎದುರಾಗುತ್ತದೆ.

ಜಾಗದ ವಿಷಯದಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ಕದ್ರಿ ಪಾರ್ಕ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ದಿನ ವಾಕಿಂಗ್‌ನವರ ಕಿವಿ. ಹಂಪನಕಟ್ಟದ ಹೋಟೆಲುಗಳಲ್ಲಿ ಗಟ್ಟಿಯಾಗಿ ಓದಲಾಗದು. ಕಾಲೇಜಿನ ಕೋಣೆ ಕೇಳಿದರೆ ಅರ್ಜಿಯಲ್ಲಿ ಹೆಸರುಗಳು ಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟ್ಯೂಷನ್ ಕೋಣೆಯೇ ವಾಸಿ: ಬಾಗಿಲು ಹಾಕಿಕೊಳ್ಳಬಹುದು, ಬುಕ್ ಮಾಡಲು ಒಬ್ಬರ ಹೆಸರು ಸಾಕು. 'ವಿಜ್ಞಾನ-ಅದ್ಭುತ ಕಥೆಗಳ ಓದುಗರು' ಎಂದು ಹೇಳಿ, ಅದು ಸುಳ್ಳೂ ಅಲ್ಲ. ತಿಂಗಳಿಗೊಂದು ಭಾನುವಾರ, ಮೂರು ಗಂಟೆಗೆ ಶುರು, ಐದೂವರೆಯೊಳಗೆ ಮುಗಿಸಿ. ಉಡುಪಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಬೇಕು, 'ಎಲ್ಲಿಗೆ ಹೋಗಿದ್ದೆ' ಎಂಬ ಪ್ರಶ್ನೆ ಕತ್ತಲಾದ ಮೇಲೆ ಜೋರಾಗುತ್ತದೆ.

ವಾಟ್ಸಾಪ್ ಗುಂಪು ಕಟ್ಟಿದರೆ ಸೇರಿದ ಪ್ರತಿಯೊಬ್ಬರ ನಂಬರೂ ಎಲ್ಲರಿಗೆ ಕಾಣುತ್ತದೆ. ಸಿಗ್ನಲ್‌ನಲ್ಲಿ 2024ರಿಂದ ನಂಬರ್ ಮುಚ್ಚಿಟ್ಟು ಬಳಕೆಯ ಹೆಸರಿನಿಂದಲೇ ಸೇರಬಹುದು, ಸಂದೇಶ ಇಷ್ಟು ದಿನಕ್ಕೆ ಅಳಿಯಲಿ ಎಂದು ಕಟ್ಟಲೆಯನ್ನೂ ಹಾಕಬಹುದು. ಗುಂಪಿಗೆ ಸಪ್ಪೆ ಹೆಸರಿಡಿ, ಊಟದ ಮೇಜಿನ ಮೇಲೆ ಫೋನಿನ ಪರದೆ ಹೊತ್ತಿಕೊಂಡಾಗ ಮೊದಲು ಕಾಣುವುದು ಅದೇ. ಫೋಟೊ ಬೇಡ. ಎಷ್ಟೋ ಜನರ ಗುಟ್ಟು ರಟ್ಟಾಗುವುದು ಮಾತಿನಿಂದಲ್ಲ, ಫೈಲಿನಿಂದ: ವರ್ಡ್ ಕಡತದ ಒಳಗೆ ಲೇಖಕರ ಹೆಸರು ಎಂದು ಕಂಪ್ಯೂಟರಿನ ಮಾಲೀಕರ ಹೆಸರು ಕೂತಿರುತ್ತದೆ, ತಿದ್ದುಪಡಿಗಳ ಪಕ್ಕದಲ್ಲೂ ಅದೇ. ಕಾವ್ಯನಾಮದಲ್ಲಿ ಕಳುಹಿಸುವ ಮುನ್ನ ಫೈಲ್, ಇನ್ಫೊ, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂಬಲ್ಲಿ ಹೋಗಿ ಅಳಿಸಿ. ಗೂಗಲ್ ಡಾಕ್ಸ್‌ನಲ್ಲಿ ಟಿಪ್ಪಣಿ ಹಾಕಿದರೂ ಖಾತೆಯ ಹೆಸರು ಕಾಣುತ್ತದೆ.

ಸ್ವಂತ ಕಥೆ ಚರ್ಚೆಗೆ 1956ರಲ್ಲಿ ಅಮೆರಿಕದ ಮಿಲ್ಫರ್ಡ್ ಎಂಬ ಊರಿನಲ್ಲಿ ಸೈನ್ಸ್ ಫಿಕ್ಷನ್ ಲೇಖಕರು ಶುರುಮಾಡಿದ ಪದ್ಧತಿ ಈಗಲೂ ಚೆನ್ನಾಗಿ ನಡೆಯುತ್ತದೆ. ಕಥೆ ಏಳು ದಿನ ಮೊದಲೇ ಎಲ್ಲರ ಕೈಸೇರಬೇಕು, 3,000 ಪದ ಮೀರಬಾರದು. ಐವರು ತಲಾ ಮೂರು ನಿಮಿಷ ಮಾತಾಡುತ್ತಾರೆ, ಬರೆದವರು ಬಾಯಿ ಬಿಡುವಂತಿಲ್ಲ. ಆಮೇಲೆ ಅವರಿಗೆ ಐದು ನಿಮಿಷ, ಮತ್ತೆ ಇಪ್ಪತ್ತು ನಿಮಿಷ ಮುಕ್ತ ಮಾತು. ಒಂದು ಕಥೆಗೆ 40 ನಿಮಿಷ, ದಿನಕ್ಕೆ ಎರಡು. ಈ ಕೂಟಕ್ಕೆ ಇನ್ನೊಂದು ನಿಯಮ ಸೇರಿಸಿ: 'ಇದು ನಿಮ್ಮದೇ ಅನುಭವವಾ?' ಎಂದು ಯಾರೂ ಕೇಳಬಾರದು. ಕೂಟಗಳು ಒಡೆಯುವುದು ಈ ಪ್ರಶ್ನೆಯಿಂದಲೇ. ಅದ್ಭುತ ಕಥೆ ಬರೆಯುವವರು ಬೇರೆ ಗ್ರಹಕ್ಕೆ ಹೋದದ್ದೇ ಆ ಪ್ರಶ್ನೆ ತಪ್ಪಿಸಿಕೊಳ್ಳಲು ಇರಬಹುದಲ್ಲ!

ಕಥೆ ಸಿದ್ಧವಾದ ಮೇಲೆ: ಕನ್ನಡ ಪತ್ರಿಕೆಗಳ ದೀಪಾವಳಿ ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಮಳೆಗಾಲದ ನಡುವೆಯೇ ಆಹ್ವಾನ ಬರುತ್ತದೆ. ಫೇಸ್‌ಬುಕ್‌ನಲ್ಲಿ ಹಾಕಿದ್ದರೂ 'ಪ್ರಕಟಿತ' ಎಂದೇ ಲೆಕ್ಕ, ಹಾಗಾಗಿ ಆಸೆ ತಡೆದುಕೊಳ್ಳಿ. ಯುನಿಕೋಡಿನಲ್ಲಿ ಟೈಪ್ ಮಾಡಿ. 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಿಸಿ ಕೊಡಿ ಎಂದು ಕೇಳಿದರೆ, ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಅಲ್ಲೇ. ಕಾವ್ಯನಾಮದ ಜೊತೆ ಬ್ಯಾಂಕಿನ ಹೆಸರನ್ನು ಸಂಪಾದಕರಿಗೆ ಪ್ರತ್ಯೇಕ ಸಾಲಿನಲ್ಲಿ ತಿಳಿಸಿ, 'ಅಚ್ಚಿಗಲ್ಲ' ಎಂದು ಬರೆಯಿರಿ. ಹೊರಗೆ ಕಳುಹಿಸುವುದಾದರೆ 2000ದಿಂದ ನಡೆಯುತ್ತಿರುವ 'ಸ್ಟ್ರೇಂಜ್ ಹೊರೈಜನ್ಸ್' ಎಂಬ ಇಂಗ್ಲಿಷ್ ಅಂತರ್ಜಾಲ ಪತ್ರಿಕೆಯ ಬಳಗದ 'ಸಮೊವಾರ್' ನೋಡಿ. 2017ರಲ್ಲಿ ಶುರುವಾದ ಇದು ಅನುವಾದದ ಜೊತೆ ಮೂಲ ಭಾಷೆಯ ಪಠ್ಯವನ್ನೂ ಹಾಕುತ್ತದೆ. ನೀವು ಕಳಚಿದ ಬಾಲಗಳು ಕನ್ನಡದಲ್ಲೇ ಕಾಣಿಸುತ್ತವೆ, ಇಂಗ್ಲಿಷಿನಲ್ಲಿ ಆ ಸಾಹಸ ಗೊತ್ತೇ ಆಗುವುದಿಲ್ಲ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದನ್ನು ಹೆಚ್ಚಿನ ಪತ್ರಿಕೆಗಳು ಒಪ್ಪುವುದಿಲ್ಲ.

ಪತ್ರಿಕೆಗೆ ಕೊಡಲು ಅಂಜಿಕೆಯಾದರೆ ಕೂಟದೊಳಗೇ ಕೈಬರಹ ಪತ್ರಿಕೆ ಮಾಡಿ, ನಮ್ಮ ಕಾಲೇಜುಗಳಲ್ಲಿ ಇದ್ದ ಹಾಗೆ. ಲಾಸ್ ಏಂಜಲೀಸಿನ ಸೈನ್ಸ್ ಫಿಕ್ಷನ್ ಅಭಿಮಾನಿ ಬಳಗದಲ್ಲಿದ್ದ ಎಡಿತ್ ಐಡ್ 1947ರ ಜೂನ್‌ನಲ್ಲಿ 'ವೈಸ್ ವರ್ಸಾ' ಎಂಬ ಪತ್ರಿಕೆ ಶುರುಮಾಡಿದ್ದು ಹೀಗೆಯೇ. ಕೆಲಸದ ಕಚೇರಿಯಲ್ಲಿ ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿದ ಹತ್ತು-ಹನ್ನೆರಡು ಪ್ರತಿ, ಓದಿ ಮುಂದಿನವರಿಗೆ ದಾಟಿಸಿ ಎಂಬ ಕೋರಿಕೆ. ಅಮೆರಿಕದ ಮೊದಲ ಲೆಸ್ಬಿಯನ್ ಪತ್ರಿಕೆ ಎಂದು ಅದನ್ನು ಈಗ ಗುರುತಿಸುತ್ತಾರೆ. ಒಂಬತ್ತು ಸಂಚಿಕೆಗೆ ನಿಂತಿತು. ಕೆಲಸ ಬದಲಾದ ಮೇಲೆ ಯಾರ ಕಣ್ಣಿಗೂ ಬೀಳದೆ ಟೈಪ್ ಮಾಡಲು ಆಕೆಗೆ ಜಾಗ ಸಿಗಲಿಲ್ಲ. ಆದ್ದರಿಂದ ನಿಮ್ಮ ಕೂಟದಲ್ಲಿ ಪ್ರತಿ ತೆಗೆಯುವ ಕೆಲಸ ಇಬ್ಬರಿಗೆ ಗೊತ್ತಿರಲಿ, ಕೋಣೆಯ ಬುಕಿಂಗ್ ಕೂಡ ಇಬ್ಬರ ಕೈಯಲ್ಲಿರಲಿ. ಮತ್ತೆ, ಜೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಅಲ್ಲಿ ಯಂತ್ರದ ಮುಂದೆ ನಿಂತವರು ಹಾಳೆ ಓದುತ್ತಾರೆ, ಪೆನ್‌ಡ್ರೈವ್‌ನಿಂದ ಕಾಪಿಯಾದ ಫೈಲು ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಇಡುವ ಸಣ್ಣ ಪ್ರಿಂಟರ್ ಒಂದನ್ನು ಆರು ಜನ ಸೇರಿ ಕೊಂಡರೆ ಸಾಕು. ಮಳೆಗಾಲದಲ್ಲಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ, ತೇವ ಹಿಡಿದರೆ ಒಟ್ಟಿಗೆ ಎರಡೆರಡು ಹಾಳೆ ಎಳೆದು ಸಿಕ್ಕಿಹಾಕಿಕೊಳ್ಳುತ್ತದೆ.